ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಬೀಗದ ಕೈ

2018ರ ಜೂನ್ 28ರಂದು ಜೆಂಟೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುವ ತಂಡದ ಡೆವಲಪರ್‌ಗಳಿಗೆಲ್ಲ ಮೇಲ್ ಬರತೊಡಗಿತು. ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಸೈಟಿನಲ್ಲಿದ್ದ ತಮ್ಮದೇ ತಂಡದ ಖಾತೆಯಿಂದ ಅವರನ್ನು ಯಾರೋ ಹೊರಹಾಕಿದ್ದರು. ಒಬ್ಬ ಅಡ್ಮಿನ್‌ನ ಪಾಸ್‌ವರ್ಡ್ ಪರರ ಕೈಗೆ ಸಿಕ್ಕಿತ್ತು. ಒಳಗೆ ನುಗ್ಗಿದವರು ಬಳಕೆದಾರರ ಫೈಲ್‌ಗಳನ್ನು ಅಳಿಸಿಹಾಕುವ ಕಮ್ಯಾಂಡನ್ನು ಕೋಡಿನೊಳಗೆ ತುರುಕಿದ್ದರು. ಜೆಂಟೂದ ಮೂಲ ಕೋಡ್ ಬೇರೆ ಕಡೆ, ಅವರದೇ ಸರ್ವರ್‌ಗಳಲ್ಲಿತ್ತು. ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ.

ಪಾಸ್‌ವರ್ಡ್ ಸಿಕ್ಕಿದ್ದು ಹೇಗೆ? ಒಂದು ಸೈಟಿನ ಪಾಸ್‌ವರ್ಡ್ ಗೊತ್ತಾದರೆ ಇನ್ನೊಂದರದ್ದನ್ನು ಸುಲಭವಾಗಿ ಊಹಿಸಬಹುದು, ಅಂಥ ಕ್ರಮದಲ್ಲಿ ಅದನ್ನು ಕಟ್ಟಿದ್ದಂತೆ ಕಾಣುತ್ತದೆ ಎಂದು ಜೆಂಟೂದವರೇ ತಮ್ಮ ವರದಿಯಲ್ಲಿ ಬರೆದರು. ನಮ್ಮಲ್ಲಿ ಎಷ್ಟೋ ಜನ ಹೀಗೇ ಮಾಡುತ್ತೇವೆ, ಅಲ್ವಾ? ಆದರೆ ಕೋಡ್ ಇಡುವ ಖಾತೆ ಬೇರೆ ಖಾತೆಗಳ ಹಾಗಲ್ಲ. ನೀವು ಬರೆದದ್ದು ನಿಮಗೆ ಪರಿಚಯವೇ ಇಲ್ಲದವರ ಕಂಪ್ಯೂಟರ್‌ನಲ್ಲಿ ಓಡುತ್ತಿರುತ್ತದೆ. ಅದಕ್ಕೇ ಗಿಟ್‌ಹಬ್ 2022ರಲ್ಲಿ ಒಂದು ಗಡುವು ಹಾಕಿತು. ಅಲ್ಲಿ ಕೋಡ್ ಸೇರಿಸುವ ಎಲ್ಲರೂ 2023ರ ಕೊನೆಯೊಳಗೆ ಟು-ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆಗೆ ಎರಡನೆಯ ಪುರಾವೆಯನ್ನೂ ಕೇಳುವ ವ್ಯವಸ್ಥೆ, ಆನ್ ಮಾಡಿಕೊಳ್ಳಬೇಕು ಎಂದಿತು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಆ ಎರಡನೆಯ ಪುರಾವೆಯಾಗಿ ಫೋನಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿ ಕೋಡ್ ಸರ್ವರ್‌ನಿಂದ ಬರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ನೋಡಿ. ನೆಟ್ ಇಲ್ಲ, ಸಿಗ್ನಲ್ ಇಲ್ಲ, ಆದರೂ ಮೂವತ್ತು ಸೆಕೆಂಡಿಗೊಮ್ಮೆ ಹೊಸ ಅಂಕಿ ಬರುತ್ತಲೇ ಇರುತ್ತದೆ.

ಅದನ್ನು ಲೆಕ್ಕ ಹಾಕುವುದು ಫೋನೇ. ಶುರುವಿನಲ್ಲಿ ನೀವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಒಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಆಮೇಲೆ ಅದು ಎರಡು ಕಡೆ ಉಳಿಯುತ್ತದೆ: ಸರ್ವರ್‌ನಲ್ಲಿ, ನಿಮ್ಮ ಫೋನಿನಲ್ಲಿ. ಇನ್ನು ಬೇಕಾದದ್ದು ಗಡಿಯಾರ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆದಿದೆ ಎಂದು ಕಂಪ್ಯೂಟರ್‌ಗಳು ಎಣಿಸುತ್ತಾ ಬಂದಿವೆ. 2023ರ ನವೆಂಬರ್‌ನಲ್ಲಿ ಆ ಎಣಿಕೆ 170 ಕೋಟಿ ಮುಟ್ಟಿತು. ಅದನ್ನು 30ರಿಂದ ಭಾಗಿಸಿ ಶೇಷ ಬಿಟ್ಟರೆ 5,66,66,666. ಈ ಸಂಖ್ಯೆ ಮತ್ತು ಗುಟ್ಟಿನ ಕೀ ಎರಡನ್ನೂ ಸೇರಿಸಿ ಅರೆದರೆ 20 ಬೈಟ್‌ಗಳ ಒಂದು ಮುದ್ದೆ ಬರುತ್ತದೆ. ಅರೆದದ್ದರಿಂದ ಕೀಯನ್ನು ಮತ್ತೆ ಹೊರತೆಗೆಯಲು ಆಗುವುದಿಲ್ಲ.

ಮುಂದಿನ ಹೆಜ್ಜೆ ನನಗೆ ತುಂಬಾ ಇಷ್ಟ. 20 ಬೈಟ್‌ಗಳಲ್ಲಿ ಯಾವ ನಾಲ್ಕನ್ನು ಆರಿಸಬೇಕು ಎಂಬುದನ್ನು ಕೊನೆಯ ಬೈಟೇ ಹೇಳುತ್ತದೆ. ಈ ವಿಧಾನವನ್ನು ವಿವರಿಸಿದ 2005ರ ಆರ್‌ಎಫ್‌ಸಿ 4226 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲೇ ಒಂದು ಉದಾಹರಣೆ ಇದೆ. ಅಲ್ಲಿ ಕೊನೆಯ ಬೈಟಿನ ಕೆಳಗಿನ ಅರ್ಧ 10 ಎನ್ನುತ್ತದೆ. ಮೊದಲ ಹತ್ತು ಬೈಟ್ ಬಿಟ್ಟು ಮುಂದಿನ ನಾಲ್ಕನ್ನು ಸಂಖ್ಯೆಯಾಗಿ ಓದಿದರೆ 1357872921. ಅದರ ಕೊನೆಯ ಆರಂಕಿ, 872921, ಅದೇ ಕೋಡ್. ಆ ದಾಖಲೆಯಲ್ಲಿ ಗಡಿಯಾರದ ಬದಲು ಪ್ರತಿ ಸಲ ಒಂದೊಂದೇ ಹೆಚ್ಚುವ ಎಣಿಕೆ ಇತ್ತು. ಆ ಎಣಿಕೆಯ ಜಾಗದಲ್ಲಿ ಗಡಿಯಾರವನ್ನು ತಂದು ಕೂರಿಸಿದ್ದು 2011ರ ಆರ್‌ಎಫ್‌ಸಿ 6238. ಸರ್ವರ್ ಕೂಡ ಇದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಸರಿಯಾಗಿಯೇ ಒತ್ತಿದರೂ ಕೋಡ್ ತಪ್ಪು ಅಂತ ಪದೇ ಪದೇ ಬಂದರೆ ಫೋನಿನ ಸಮಯ ಹಿಂದೆಮುಂದೆ ಆಗಿದೆಯಾ ನೋಡಿ.

ಇಷ್ಟಾದರೂ ಈ ಅಂಕಿಯನ್ನು ಕದಿಯಬಹುದು. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಕೋಡ್ ಭಂಡಾರದಲ್ಲಿರುವ ಚಾಕ್, ಡೀಬಗ್ ಮುಂತಾದ ಪ್ಯಾಕೇಜ್‌ಗಳಿಗೆ ಕಳ್ಳ ಕೋಡ್ ಸೇರಿತು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಡೆವಲಪರ್‌ಗೆ ಬಂದದ್ದು ನಕಲಿ ಮೇಲ್. ನಿಮ್ಮ ಟು-ಫ್ಯಾಕ್ಟರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ ಅಂತ ಅದರಲ್ಲಿತ್ತು. ನಕಲಿ ಸೈಟಿನಲ್ಲಿ ಒತ್ತಿದ ಕೋಡನ್ನು ಅದರ ಹಿಂದಿರುವವರು ಆ ಕ್ಷಣವೇ ಅಸಲಿ ಸೈಟಿನಲ್ಲಿ ಬಳಸಬಹುದು. ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರ್ ಇಟ್ಟುಕೊಳ್ಳುವ ಡಿಜಿಟಲ್ ಕೀ, ಅಂದರೆ ಪಾಸ್‌ಕೀಯಲ್ಲಿ ಈ ಆಟ ನಡೆಯುವುದಿಲ್ಲ. ಅದು ಸೈಟಿನ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ಕಣ್ಣಿಗೆ ಎಷ್ಟೇ ಹೋಲುವ ವಿಳಾಸವಾದರೂ ಬೇರೆ ಅಂದರೆ ಬೇರೆ. ಹಾಗಾಗಿ ಸೌಲಭ್ಯ ಇರುವ ಕಡೆ ಪಾಸ್‌ಕೀಯನ್ನೇ ಹಾಕಿಕೊಳ್ಳಿ.

ಗುಟ್ಟಿನ ಕೀ ಫೋನಿನಲ್ಲಿದೆ ಅಂದರೆ, ಫೋನ್ ಹೋದರೆ ಕೀ ಕೂಡ ಹೋಯಿತು. ನಾನು ಹಳೆಯ ಫೋನ್ ರೀಸೆಟ್ ಮಾಡಿ ಕೊಟ್ಟುಬಿಟ್ಟ ಮೇಲೆ ಇದು ನೆನಪಾಯಿತು. ಗಿಟ್‌ಹಬ್‌ನ ಲಾಗಿನ್ ಪುಟ ಆರಂಕಿ ಕೇಳುತ್ತಿದೆ, ನನ್ನ ಹತ್ತಿರ ಏನೂ ಇಲ್ಲ. ಸಂಜೆಯವರೆಗೆ ಹುಡುಕಿದ ಮೇಲೆ ಒಂದು ಫೈಲಿನೊಳಗೆ ಮಡಚಿಟ್ಟ ಹಾಳೆ ಸಿಕ್ಕಿತು. ಅದರಲ್ಲಿ ಫೋನ್ ಇಲ್ಲದಾಗ ಬಳಸಲೆಂದು ಸೈಟೇ ಕೊಟ್ಟಿದ್ದ ರಿಕವರಿ ಕೋಡ್‌ಗಳಿದ್ದವು. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ಟು-ಫ್ಯಾಕ್ಟರ್ ಆನ್ ಮಾಡಿದ ದಿನವೇ ಅವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ನಾಳೆ ಅನ್ನಬೇಡಿ.

ಆ ದಿನ ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಬ್ರೌಸರ್‌ನಲ್ಲಿ ಬಾಗಿಲು ಮುಚ್ಚಿತ್ತು, ಆದರೆ ಲ್ಯಾಪ್‌ಟಾಪ್‌ನಿಂದ ಕೋಡ್ ಪುಶ್ ಮಾಡುವುದು, ಅಂದರೆ ಗಿಟ್‌ಹಬ್‌ಗೆ ಕಳಿಸುವುದು, ಎಂದಿನಂತೆ ನಡೆಯುತ್ತಿತ್ತು. ಪಾಸ್‌ವರ್ಡ್ ಬದಲು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳುವ ಎಸ್‌ಎಸ್‌ಎಚ್ ಕೀ ಆಗಲಿ, ಆ್ಯಕ್ಸೆಸ್ ಟೋಕನ್ ಆಗಲಿ, ಪುಶ್ ಮಾಡುವಾಗ ಆರಂಕಿ ಕೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೂ ಎಸ್‌ಎಸ್‌ಎಚ್ ಕೀ ಹಾಗೇ ಉಳಿಯುತ್ತದೆ. ಖಾತೆಯ ಒಳಗೆ ಹೋದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಕೀಗಳ ಪಟ್ಟಿ ತೆಗೆದೆ. ಬಿಟ್ಟುಹೋದ ಕೆಲಸದ ಕಂಪ್ಯೂಟರ್‌ನ ಕೀ ಇನ್ನೂ ಅಲ್ಲೇ ಕೂತಿತ್ತು. ಅದನ್ನು ಅಳಿಸಿದೆ. ಅವಧಿಯೇ ಇಲ್ಲದ ಎರಡು ಟೋಕನ್‌ಗಳನ್ನೂ ತೆಗೆದುಹಾಕಿದೆ.

ಖಾತೆಗೆ ಹೊಸ ಎಸ್‌ಎಸ್‌ಎಚ್ ಕೀ ಸೇರಿದಾಗ ಗಿಟ್‌ಹಬ್ ಒಂದು ಮೇಲ್ ಕಳಿಸುತ್ತದೆ. ಅದನ್ನು ನಾನೀಗ ಓದದೆ ಸರಿಸುವುದಿಲ್ಲ. ಜೆಂಟೂದವರಿಗೂ ಅವತ್ತು ಸುದ್ದಿ ಮುಟ್ಟಿದ್ದು ಮೇಲ್‌ನಿಂದಲೇ.