ತೊಳೆಯಬೇಡಿ, ಕೊಳೆ ಸಮೇತ ತೋರಿಸಿ

"ನಿಮಗೆ ಸ್ಪಷ್ಟವಾಗಿ ಕಾಣಲಿ ಅಂತ ಚೆನ್ನಾಗಿ ಉಜ್ಜಿ ಫೋಟೊ ತೆಗೆದಿದ್ದೇವೆ." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫೋಟೊದಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ನೌಕಾಪಡೆಯ ಬ್ಯಾಡ್ಜು ಫಳಫಳ ಹೊಳೆಯುತ್ತಿರುತ್ತದೆ. ನಾನು ನೋಡಬೇಕಾಗಿದ್ದೆಲ್ಲ ಅಷ್ಟರಲ್ಲಿ ಸಿಂಕಿನಲ್ಲಿ ಹರಿದು ಹೋಗಿರುತ್ತದೆ.

ಹಳೆ ಲೋಹದ ವಸ್ತುಗಳನ್ನು ಪರೀಕ್ಷಿಸುವುದು, ಕೆಡದಂತೆ ಕಾಪಾಡುವುದು ನನ್ನ ವೃತ್ತಿ. ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಅಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ ಇಂಥವನ್ನು ಕೊಳ್ಳುತ್ತಾರೆ. ಅಸಲಿಯೋ ನಕಲಿಯೋ ಎಂದು ಆಮೇಲೆ ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ಉಜ್ಜುವ ಮೊದಲು ಕೇಳಿ.

ಸವೆತಕ್ಕೂ ಒಂದು ಲೆಕ್ಕವಿದೆ. ಈ ಬ್ಯಾಡ್ಜುಗಳನ್ನು ಎದೆಯ ಎಡಭಾಗದಲ್ಲಿ, ದಪ್ಪ ಉಣ್ಣೆಯ ಕೋಟಿನ ಮೇಲೆ ಚುಚ್ಚಿಕೊಳ್ಳುತ್ತಿದ್ದರು. ತೋಳೋ ಮೇಲಂಗಿಯೋ ತಾಗುವುದು ಉಬ್ಬಿದ ಜಾಗಗಳಿಗೆ ಮಾತ್ರ. ಬ್ಯಾಡ್ಜಿನ ಮೇಲೆ ಮೂಡಿಸಿರುವ ಹದ್ದಿನ ಎದೆ, ಸುತ್ತಲಿನ ಎಲೆಗಳ ಬೆನ್ನು, ಜಲಾಂತರ್ಗಾಮಿಯ ಗೋಪುರದ ತುದಿ ಮೊದಲು ಸವೆಯುತ್ತವೆ. ತಗ್ಗುಗಳಲ್ಲಿ ಚಿನ್ನದ ಲೇಪವೂ ಕಪ್ಪು ಕೊಳೆಯೂ ಹಾಗೇ ಕೂತಿರುತ್ತವೆ. ಹಳೆ ಮನೆಯ ಹೊಸ್ತಿಲು ಕಾಲಿಡುವ ನಡುಭಾಗದಲ್ಲೇ ಸವೆದಿರುತ್ತದೆ, ಮೂಲೆಯಲ್ಲಿ ಅಲ್ಲ, ಅಲ್ವಾ? ಹಾಗೇ ಇದು. ಬ್ಯಾಡ್ಜಿನ ಹಿಂಬದಿಯಲ್ಲೂ ಬಟ್ಟೆ ತಾಗಿದ ಅಂಚು ನುಣುಪಾಗಿರುತ್ತದೆ. ಪಿನ್ನು ಮತ್ತೆ ಮತ್ತೆ ಸಿಕ್ಕಿಕೊಂಡ ಕೊಕ್ಕೆಯಲ್ಲಿ ಸಣ್ಣ ಗೆರೆ ಬಿದ್ದಿರುತ್ತದೆ.

ನಕಲಿ ಮಾಡುವವರು ಇದನ್ನೆಲ್ಲ ಒಂದೇ ದಿನದಲ್ಲಿ ತರಲು ನೋಡುತ್ತಾರೆ. ಮರಳಿನಲ್ಲಿ ಉರುಳಿಸುತ್ತಾರೆ, ಆಮ್ಲದಲ್ಲಿ ಅದ್ದುತ್ತಾರೆ. ಆಗ ಉಬ್ಬು ತಗ್ಗು ಎರಡೂ ಒಂದೇ ಸಮ ಸವೆಯುತ್ತವೆ. ಈಗ ನೀವು ಅಸಲಿ ಬ್ಯಾಡ್ಜಿಗೆ ಬ್ರಾಸೋ ಹಚ್ಚಿ, ತಗ್ಗಿಗೆಲ್ಲ ಬ್ರಶ್ ತೂರಿಸಿ ತಿಕ್ಕಿದರೆ ಏನಾಗುತ್ತದೆ? ಅದೂ ಆ ನಕಲಿಯಂತೆಯೇ ಕಾಣುತ್ತದೆ. ಅಸಲಿ ಎನ್ನಲು ಇದ್ದ ಸಾಕ್ಷಿಯನ್ನು ನೀವೇ ಅಳಿಸಿರುತ್ತೀರಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಲೋಹದ ವಿಷಯವೂ ಇದೆ. ಜಲಾಂತರ್ಗಾಮಿಗಳ ಬ್ಯಾಡ್ಜು ಬಂದಿದ್ದು 1939ರ ಅಕ್ಟೋಬರ್‌ನಲ್ಲಿ. ಡಿಸ್ಟ್ರಾಯರ್ ಹಡಗುಗಳದ್ದು 1940ರ ಜೂನ್‌ನಲ್ಲಿ. ಮೈನು, ಅಂದರೆ ಸಮುದ್ರದಲ್ಲಿ ಇಟ್ಟ ಸಿಡಿಗುಂಡುಗಳನ್ನು, ತೆಗೆಯುವ ಹಡಗುಗಳ ಬ್ಯಾಡ್ಜು ಅದೇ ವರ್ಷದ ಆಗಸ್ಟ್‌ನದು. ಮೊದಮೊದಲು ಇವನ್ನು ಟೊಂಬಾಕ್‌ನಲ್ಲಿ ಮಾಡುತ್ತಿದ್ದರು. ಅಂದರೆ ತಾಮ್ರ ಜಾಸ್ತಿ ಇರುವ ಹಿತ್ತಾಳೆ. ಯುದ್ಧ ಎಳೆಯುತ್ತಾ ಹೋದಂತೆ ತಾಮ್ರ ಸಿಗದೆ ಸತುವಿಗೆ ಇಳಿದರು. ಸತುವಿನ ಮೇಲೆ ಕೊಟ್ಟ ತೆಳು ಚಿನ್ನದ ಲೇಪ ವರ್ಷಗಳು ಕಳೆದಂತೆ ಲೋಹದೊಳಕ್ಕೇ ಇಳಿದುಹೋಗುತ್ತದೆ. ಉಳಿಯುವುದು ಮಂಕು ಬೂದು ಬಣ್ಣ. ಆ ಬೂದು ಕೊಳೆಯಲ್ಲ. ಅದರ ಕೆಳಗೆ ಚಿನ್ನ ಅಡಗಿಲ್ಲ. ಎಷ್ಟು ತಿಕ್ಕಿದರೂ ಸಿಗುವುದು ಸತುವೇ.

ಒಬ್ಬ ಹುಡುಗ ಮೈನು ತೆಗೆಯುವ ಹಡಗಿನ ಬ್ಯಾಡ್ಜು ತಂದಿದ್ದ. ನಡುವೆ ಸಮುದ್ರದಿಂದ ನೀರಿನ ಕಂಬ ಎದ್ದಿರುವ ಚಿತ್ರ, ಸುತ್ತ ಎಲೆಗಳು. ಊರಿಂದ ಬಂದಿದ್ದ ಅವನ ಅಮ್ಮ ಅದನ್ನು ದೇವರ ಮನೆಯ ದೀಪದ ಜೊತೆಗೇ ಹುಣಸೆಹಣ್ಣು ಹಾಕಿ ತೊಳೆದಿದ್ದರು. ಮಗನ ಸಾಮಾನು ಚೊಕ್ಕಟವಾಗಿರಲಿ ಎಂಬ ಪ್ರೀತಿ, ಅವರನ್ನು ಏನನ್ನಲಿ? ಹಿತ್ತಾಳೆ ದೀಪಕ್ಕೆ ಹುಣಸೆ ಸರಿ. ಸತುವನ್ನು ಅದರ ಹುಳಿ ಕೊರೆದು ತಿನ್ನುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಲೆಗಳ ಗೆರೆ ಕರಗಿ, ಲೋಹದ ಹರಳು ಹರಳು ರಚನೆ ಮೇಲೆದ್ದಿತ್ತು. ಪುಣ್ಯಕ್ಕೆ ಹಿಂಬದಿಯ ಕೀಲಿನ ಸಂದಿಗೆ ಅವರ ಬೆರಳು ತಲುಪಿರಲಿಲ್ಲ. ಅಲ್ಲಿ ಒಂದು ಎಳೆ ಕಡುನೀಲಿ ಉಣ್ಣೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಕೂದಲೆಳೆಯಷ್ಟು ಚಿನ್ನದ ಬಣ್ಣ.

ಅಷ್ಟಕ್ಕೇ ಅಸಲಿ ಎಂದು ನಾನು ಬರೆದುಕೊಡಲಿಲ್ಲ. ಉಣ್ಣೆಯ ಎಳೆಯನ್ನು ಯಾರು ಬೇಕಾದರೂ ಸಿಕ್ಕಿಸಬಹುದು. ಸತುವಿನಲ್ಲಿ ಇವತ್ತೂ ನಕಲಿ ಮಾಡುತ್ತಾರೆ. ಅಚ್ಚಿನ ವಿವರ, ಕೀಲನ್ನು ಕೂರಿಸಿದ ರೀತಿ, ತಯಾರಕರ ಗುರುತು, ಸವೆತ ಎಲ್ಲ ಒಂದಕ್ಕೊಂದು ಹೊಂದಬೇಕು. ಒಂದೇ ಲಕ್ಷಣ ಹಿಡಿದು ತೀರ್ಪು ಕೊಡುವವರನ್ನು ನಂಬಬೇಡಿ.

ಇನ್ನೊಂದು ಮಾತು. ಇವು ಹಿಟ್ಲರನ ನೌಕಾಪಡೆಯ ಬ್ಯಾಡ್ಜುಗಳು, ಸ್ವಸ್ತಿಕವೂ ಇರುತ್ತದೆ. ಅದನ್ನು ಸಾರ್ವಜನಿಕವಾಗಿ ತೋರಿಸುವುದು ಜರ್ಮನಿಯಲ್ಲಿ ಅಪರಾಧ. ಸಂಶೋಧನೆ, ಪಾಠದಂಥ ಕಾರಣಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಕೋಟಿಗೆ ಸಿಕ್ಕಿಸಿಕೊಂಡು ಫೋಟೊ ಹಾಕುವ ಶೋಕಿ ಬೇಡವೇ ಬೇಡ. ಜಲಾಂತರ್ಗಾಮಿಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000ದಷ್ಟು ಮಂದಿ ಸತ್ತರು. ಅವರು ಮುಳುಗಿಸಿದ ಹಡಗುಗಳಲ್ಲೂ ಸಾವಿರಾರು ನಾವಿಕರು ಸತ್ತರು, ಅದರಲ್ಲಿ ಲಸ್ಕರ್ ಎಂದು ಕರೆಯುತ್ತಿದ್ದ ನಮ್ಮ ದೇಶದ ಹಡಗು ಕೆಲಸಗಾರರೂ ಇದ್ದರು. ಇದನ್ನು ತಿಳಿದುಕೊಂಡೇ ಸಂಗ್ರಹಿಸಿ.

ಧೂಳಿದ್ದರೆ ಮೆತ್ತನೆಯ ಒಣ ಬ್ರಶ್ಶಿನಲ್ಲಿ ಹಗುರವಾಗಿ ಕೊಡವಿ, ಅಷ್ಟೇ. ಮರದ ಪೆಟ್ಟಿಗೆಯೂ ಬೇಡ, ಪಿವಿಸಿ ಕವರೂ ಬೇಡ. ಅವುಗಳಿಂದ ಹೊರಡುವ ಆಮ್ಲದ ಆವಿಗೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗಿಡಿ. ಬಿಳಿ ಪುಡಿ ಈಗಾಗಲೇ ಎದ್ದಿದ್ದರೆ ನೀವೇ ಕೈ ಹಾಕಬೇಡಿ. ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕದೆ ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ತೆಗೆಯಿರಿ. ಮುಂಭಾಗದ್ದು ಒಂದು ಸಾಕು. ಹಿಂಬದಿಯದು, ಕೀಲಿನದು, ಕೊಕ್ಕೆಯದು ಹತ್ತಿರದಿಂದ ಬೇಕು. ಗ್ರಾಂನಲ್ಲಿ ತೂಕವನ್ನೂ ಬರೆಯಿರಿ, ಒಂದೇ ಗಾತ್ರ ದಪ್ಪದಲ್ಲಿ ಟೊಂಬಾಕ್ ಸತುವಿಗಿಂತ ಜಾಸ್ತಿ ತೂಗುತ್ತದೆ.