ಮಳೆಬಿಲ್ಲಿಗೆ ಅಶ್ರಗದ ಉತ್ತರ ಸಾಲದು

ಮಳೆಬಿಲ್ಲು ಹೇಗೆ ಮೂಡುತ್ತದೆ ಎಂದು ಕೇಳಿದರೆ ಭೌತವಿಜ್ಞಾನದ ವಿದ್ಯಾರ್ಥಿಗಳು ತಡವರಿಸದೆ ಉತ್ತರಿಸುತ್ತಾರೆ: ಮಳೆಹನಿ ಅಶ್ರಗದಂತೆ, ಅಂದರೆ ಪ್ರಿಸಂ ಎಂಬ ಮುಮ್ಮೂಲೆಯ ಗಾಜಿನ ತುಂಡಿನಂತೆ, ಕೆಲಸ ಮಾಡಿ ಬಿಳಿಯ ಬೆಳಕನ್ನು ಏಳು ಬಣ್ಣಗಳಾಗಿ ಒಡೆಯುತ್ತದೆ. ಅಂಕ ಕೊಡದೆ ಇರಲಾಗದು. ಆದರೆ ಈ ಉತ್ತರದಲ್ಲಿ ಬಣ್ಣವಿದೆ, ಬಿಲ್ಲಿಲ್ಲ. ಆಕಾಶದ ತುಂಬ ಹನಿಗಳಿವೆ, ಎಲ್ಲವೂ ಬೆಳಕನ್ನು ಒಡೆಯುತ್ತಿವೆ. ಹಾಗಿದ್ದ ಮೇಲೆ ಬಣ್ಣಗಳು ಎಲ್ಲೆಡೆ ಹರಡಿಕೊಳ್ಳದೆ ಒಂದು ತೆಳ್ಳನೆಯ ಕಮಾನಿನಲ್ಲಿ ಮಾತ್ರ ಏಕೆ ಕಾಣಬೇಕು?

ಒಂದೇ ಒಂದು ಹನಿಯನ್ನು ತೆಗೆದುಕೊಳ್ಳೋಣ. ಸೂರ್ಯನ ಕಿರಣಗಳು ಅದರ ಮೈಮೇಲೆಲ್ಲ ಸಮಾನಾಂತರವಾಗಿ ಬೀಳುತ್ತವೆ. ಒಳಹೊಕ್ಕು ಬಾಗಿ, ಹಿಂದಿನ ಗೋಡೆಗೆ ತಾಗಿ ಪ್ರತಿಫಲಿಸಿ, ಹೊರಬರುವಾಗ ಮತ್ತೊಮ್ಮೆ ಬಾಗುತ್ತವೆ. ನಟ್ಟನಡುವೆ ಬಿದ್ದ ಕಿರಣ ಬಂದ ದಾರಿಯಲ್ಲೇ ಮರಳುತ್ತದೆ. ಅಂಚಿನ ಕಡೆಗೆ ಸರಿದಂತೆ ಮರಳುವ ಕಿರಣ ಬಂದ ದಾರಿಯಿಂದ ಹೆಚ್ಚು ಹೆಚ್ಚು ಓರೆಯಾಗುತ್ತದೆ: 10 ಡಿಗ್ರಿ, 25, 38. ಆದರೆ ಈ ಓರೆಗೊಂದು ಮಿತಿಯಿದೆ. ಸುಮಾರು 42 ಡಿಗ್ರಿ ತಲುಪಿದ ಮೇಲೆ, ಇನ್ನೂ ಅಂಚಿಗೆ ಹೋದರೆ, ಅದು ಮತ್ತೆ ಇಳಿಯತೊಡಗುತ್ತದೆ. ಏರಿಕೆ ಇಳಿಕೆಯಾಗಿ ತಿರುಗುವ ಈ ತಾಣದಲ್ಲೇ ಗುಟ್ಟಿದೆ. ಜೋಕಾಲಿ ತನ್ನ ತೂಗಾಟದ ತುದಿಯಲ್ಲಿ ನಿಧಾನವಾಗಿ ಅಲ್ಲೇ ಹೆಚ್ಚು ಹೊತ್ತು ಉಳಿಯುವಂತೆ, ಹನಿಯ ಬೇರೆ ಬೇರೆ ಭಾಗಗಳಿಗೆ ಬಿದ್ದ ಬಹಳಷ್ಟು ಕಿರಣಗಳು 42 ಡಿಗ್ರಿಯ ಆಸುಪಾಸಿನಲ್ಲೇ ಒತ್ತೊತ್ತಾಗಿ ಹೊರಬೀಳುತ್ತವೆ. ಆ ದಿಕ್ಕಿನಲ್ಲಿ ಹನಿ ಹೊಳೆಯುತ್ತದೆ. ಉಳಿದ ದಿಕ್ಕುಗಳಲ್ಲಿ ಬೆಳಕು ಚದುರಿ ಸಪ್ಪೆಯಾಗುತ್ತದೆ.

ಇದನ್ನು ಒಂದೊಂದೇ ಕಿರಣದ ಲೆಕ್ಕ ಹಾಕಿ ತೋರಿಸಿದವನು ರೆನೆ ಡೆಕಾರ್ಟ್, 1637ರಲ್ಲಿ. ಅವನಿಗೂ ಮೂರು ಶತಮಾನ ಮೊದಲೇ ಜರ್ಮನಿಯ ಥಿಯೊಡೊರಿಕ್ ಮತ್ತು ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿ, ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದೆ, ನೀರು ತುಂಬಿದ ಗಾಜಿನ ಗೋಳವನ್ನೇ ದೊಡ್ಡ ಹನಿಯೆಂದು ಭಾವಿಸಿ ಕಿರಣದ ಹಾದಿಯನ್ನು ಕಂಡುಕೊಂಡಿದ್ದರು. ಬಣ್ಣದ ಲೆಕ್ಕ ನ್ಯೂಟನ್ನನದು. ನೀರು ಕೆಂಪನ್ನು ಕಡಿಮೆ, ನೇರಳೆಯನ್ನು ಹೆಚ್ಚು ಬಾಗಿಸುವುದರಿಂದ ಕೆಂಪು ಸುಮಾರು 42.4 ಡಿಗ್ರಿಯಲ್ಲಿ, ನೇರಳೆ 40.5ರ ಸುಮಾರಿನಲ್ಲಿ ಒತ್ತಾಗುತ್ತವೆ. ಬಿಲ್ಲಿನ ಪಟ್ಟಿ ಎರಡು ಡಿಗ್ರಿಯಷ್ಟೇ ಅಗಲವಾಗಿರುವುದು ಇದರಿಂದಲೇ.

ಕಮಾನಿನ ಆಕಾರಕ್ಕೆ ಬೇರೆ ವಿವರಣೆ ಬೇಕಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ಓರೆಯಲ್ಲಿರುವ ಹನಿಗಳೆಲ್ಲ ಒಂದು ವೃತ್ತ. ನೆಲ ಅದರ ಕೆಳಭಾಗವನ್ನು ಕತ್ತರಿಸುತ್ತದೆ, ವಿಮಾನದಿಂದ ಕೆಲವೊಮ್ಮೆ ಪೂರ್ಣ ವೃತ್ತವೇ ಕಂಡೀತು. ಕೈ ನೀಡಿ ಅಳೆದರೆ ಒಂದು ಗೇಣು ಸುಮಾರು 20 ಡಿಗ್ರಿ. ಹಾಗಾಗಿ ನೆರಳಿನಿಂದ ಎರಡು ಗೇಣು ಆಚೆ ಹುಡುಕಿ. ಸೂರ್ಯ ಮೇಲೇರಿದಷ್ಟೂ ಬಿಲ್ಲು ಕೆಳಗಿಳಿಯುತ್ತದೆ. ಅವನು 42 ಡಿಗ್ರಿಗಿಂತ ಮೇಲಿದ್ದರೆ ಸಮತಟ್ಟಾದ ನೆಲದಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲೇ ಇಲ್ಲ. ನಡುಹಗಲಿನ ಮಳೆಗೆ ಅದು ಅಪರೂಪವಾಗುವುದಕ್ಕೆ ಇದೇ ಕಾರಣ.

ಮುಂದಿನ ಸಲ ಬಣ್ಣ ಬಿಟ್ಟು ಅದರ ಅಕ್ಕಪಕ್ಕ ನೋಡಿ. ಕಮಾನಿನ ಒಳಗಿನ ಆಕಾಶ ಹೊರಗಿಗಿಂತ ಬೆಳ್ಳಗಿರುತ್ತದೆ. 42ಕ್ಕಿಂತ ಕಡಿಮೆ ಓರೆಯ ಕಿರಣಗಳೆಲ್ಲ ಅಲ್ಲಿಂದ ಬಂದು, ಬಣ್ಣಗಳು ಒಂದರ ಮೇಲೊಂದು ಬಿದ್ದು ಬಿಳಿಯಾಗಿ ಕಾಣುತ್ತವೆ. ಹೊರಗೆ, 51 ಡಿಗ್ರಿಯ ಸುಮಾರಿಗೆ, ಹನಿಯೊಳಗೆ ಎರಡು ಸಲ ಪ್ರತಿಫಲಿಸಿದ ಬೆಳಕಿನ ಮಂಕಾದ ಎರಡನೆಯ ಬಿಲ್ಲು ಬಣ್ಣಗಳನ್ನು ತಿರುವುಮುರುವಾಗಿ ತೋರಿಸುತ್ತದೆ. ನಡುವಿನ ಪಟ್ಟಿಗೆ ಎರಡೂ ಕಡೆಯಿಂದ ಬೆಳಕಿಲ್ಲ. ಸುಮಾರು ಕ್ರಿ.ಶ. 200ರಲ್ಲಿಯೇ ಅದನ್ನು ವರ್ಣಿಸಿದ ಗ್ರೀಕ್ ತತ್ವಜ್ಞಾನಿ, ಅಫ್ರೋಡಿಸಿಯಾಸ್‌ನ ಅಲೆಕ್ಸಾಂಡರನ ಹೆಸರು ಆ ಕತ್ತಲ ಪಟ್ಟಿಗೆ ಇಂದಿಗೂ ಇದೆ. ಅಶ್ರಗದ ಉತ್ತರವನ್ನಷ್ಟೇ ಕಲಿತವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಪಠ್ಯಗಳಲ್ಲಿ ಬೇರೂರಿದ ಎರಡು ತಪ್ಪುಗಳಂತೂ ನನ್ನನ್ನು ಬಿಡದೆ ಕೆಣಕುತ್ತವೆ. ಒಂದು, ಹನಿಯೊಳಗೆ ‘ಪೂರ್ಣ ಆಂತರಿಕ ಪ್ರತಿಫಲನ’ ಆಗುತ್ತದೆ, ಅಂದರೆ ಬೆಳಕು ಚೂರೂ ಹೊರಹೋಗದೆ ಪೂರ್ತಿ ಒಳಕ್ಕೇ ಮರಳುತ್ತದೆ ಎಂಬುದು. ಆಗುವುದಿಲ್ಲ. ಅದಕ್ಕೆ ಕಿರಣ ಹಿಂಗೋಡೆಯನ್ನು, ಗೋಡೆಯ ಲಂಬದಿಂದ ಅಳೆದಾಗ, 48.6 ಡಿಗ್ರಿಗಿಂತ ಹೆಚ್ಚು ಓರೆಯಲ್ಲಿ ತಾಗಬೇಕು, ಬಿಲ್ಲನ್ನು ಕಟ್ಟುವ ಕಿರಣ ತಾಗುವುದು 40ರ ಸುಮಾರಿನಲ್ಲಿ. ಬೆಳಕಿನ ಬಹುಪಾಲು ಹನಿಯ ಬೆನ್ನಿನಿಂದ ಹೊರಟೇಹೋಗುತ್ತದೆ. ನಾವು ಕಾಣುವುದು ಉಳಿದ ಚೂರನ್ನು. ಎರಡು, ಒಂದೇ ಹನಿ ಏಳೂ ಬಣ್ಣಗಳನ್ನು ಒಂದೇ ಕಣ್ಣಿಗೆ ಕಳಿಸುವ ಚಿತ್ರ. ಮೇಲಿನ ಹನಿ ನಿಮಗೆ ಕೆಂಪನ್ನು ಕಳಿಸಿದರೆ ಕೆಳಗಿನದು ನೇರಳೆಯನ್ನು ಕಳಿಸುತ್ತದೆ. ನಿಮ್ಮ ಪಕ್ಕದಲ್ಲಿರುವವರ ಬಿಲ್ಲನ್ನು ಕಟ್ಟುವ ಹನಿಗಳೇ ಬೇರೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹತ್ತಿರದಲ್ಲೇ ತುಂತುರು ಎಬ್ಬಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ: ಬಿಲ್ಲು ಆಚೀಚೆ ಜಿಗಿಯುತ್ತದೆ.

ಡೆಕಾರ್ಟನ ಕಿರಣಗಳೂ ಎಲ್ಲವನ್ನೂ ವಿವರಿಸುವುದಿಲ್ಲ. ಹನಿಗಳು ಸಣ್ಣವೂ ಒಂದೇ ಗಾತ್ರದವೂ ಆಗಿದ್ದರೆ ನೇರಳೆಯ ಒಳಮಗ್ಗುಲಲ್ಲಿ ತಿಳಿಗುಲಾಬಿ, ಹಸಿರಿನ ತೆಳುಗೆರೆಗಳು ಕಾಣುತ್ತವೆ. ಒಂದೇ ದಿಕ್ಕಿಗೆ ಹೊರಡುವ ಎರಡು ಕಿರಣಗಳು ಹನಿಯೊಳಗೆ ಕ್ರಮಿಸಿದ ದೂರ ಬೇರೆಯಾದ್ದರಿಂದ, ಅವುಗಳ ಅಲೆಗಳು ಒಂದೆಡೆ ಕೂಡಿ ಇನ್ನೊಂದೆಡೆ ಅಳಿಸಿಹೋಗುತ್ತವೆ. ಬೆಳಕು ಅಲೆ ಎಂದು ವಾದಿಸುತ್ತಿದ್ದ ಥಾಮಸ್ ಯಂಗ್ 1804ರಲ್ಲಿ ಈ ಗೆರೆಗಳನ್ನೂ ತನ್ನ ವಾದಕ್ಕೆ ಬಳಸಿಕೊಂಡ. ಹನಿ ಇನ್ನೂ ಕಿರಿದಾಗಿ ಮಂಜಿನ ಕಣದಷ್ಟಾದರೆ ಬಣ್ಣದ ಪಟ್ಟಿಗಳು ಅಗಲವಾಗಿ ಒಂದರೊಳಗೊಂದು ಬೆರೆಯುತ್ತವೆ. ಆಗ ಮೂಡುವ ಬಿಲ್ಲು ಬಹುತೇಕ ಬಿಳಿ.