ಬಾತುಕೋಳಿ ಬಾಲದ ಕಾರು

ಮಾಡಿಫೈ ಮಾಡಿದ ಸ್ಪೋರ್ಟ್ಸ್ ಕಾರುಗಳ ಹುಚ್ಚಿರುವ ನಾಲ್ಕು ಜನ ಸೇರಿದರೆ, ಯಾವುದು ಚೆಂದ ಅನ್ನುವ ಜಗಳ ಕೊನೆಗೆ ಬಾಲಕ್ಕೇ ಬಂದು ನಿಲ್ಲುತ್ತದೆ. ಡಿಕ್ಕಿಯ ಮೇಲೆ ರೆಕ್ಕೆ ಬೇಕಾ, ಬೇಡ್ವಾ? ಒಬ್ಬನಿಗೆ ಕಾರಿನ ಕಳೆಯೇ ಅದು. ಇನ್ನೊಬ್ಬನಿಗೆ ಬಟ್ಟೆ ಒಣಹಾಕುವ ಸ್ಟ್ಯಾಂಡು.

ಈ ಜಗಳಕ್ಕೆ ಒಂದು ಚಮಚ ತರೋಣ. ಅಡುಗೆಮನೆಯ ನಲ್ಲಿ ತಿರುಗಿಸಿ. ಚಮಚದ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಜೋತುಬಿಟ್ಟು, ಅದರ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ತಾಗಿಸಿ. ನೀರು ಚಮಚವನ್ನು ಆಚೆ ತಳ್ಳಬೇಕು, ಅಲ್ವಾ? ಇಲ್ಲ, ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಧಾರೆ ಉಬ್ಬಿಗೆ ಅಂಟಿಕೊಂಡು ಬಾಗುತ್ತದೆ. ನೀರನ್ನು ಒಂದು ಕಡೆ ಬಾಗಿಸಿದ ಚಮಚ ತಾನು ಇನ್ನೊಂದು ಕಡೆ ಸರಿಯುತ್ತದೆ.

ಇಳಿಜಾರು ಬೆನ್ನಿನ ಕಾರಿಗೂ ಗಾಳಿಯಲ್ಲಿ ಹೆಚ್ಚುಕಮ್ಮಿ ಇದೇ ಪಾಡು. ಚಾವಣಿ ದಾಟಿದ ಗಾಳಿ ಹಿಂಬದಿಯ ಇಳಿಜಾರಿಗೆ ಅಂಟಿಕೊಂಡೇ ಕೆಳಗೆ ಬಾಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಕಾರಿನ ಹಿಂಭಾಗ ಮೇಲೇಳಲು ನೋಡುತ್ತದೆ. ಈ ಬಲ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ: ಗಂಟೆಗೆ 60 ಕಿ.ಮೀ.ನಲ್ಲಿ ಇದ್ದದ್ದು 240ರಲ್ಲಿ 16 ಪಟ್ಟು. ಹಿಂದಿನ ಚಕ್ರಗಳ ಮೇಲಿನ ಭಾರ ಇಳಿದಷ್ಟೂ ಟೈರಿನ ಹಿಡಿತ ಸಡಿಲ.

ಪೋರ್ಷೆ 911ರ ಕಾಯಿಲೆ ಇದೇ. 1972ರ ಪ್ಯಾರಿಸ್ ಮೋಟಾರ್ ಶೋಗೆ ಬಂದ ಅದರ ಕರೇರಾ ಆರ್‌ಎಸ್ 2.7 ಕಾರಿನಲ್ಲಿ, ಹಿಂದಿನ ಇಂಜಿನ್ ಮುಚ್ಚಳದ ತುದಿ ಮೇಲಕ್ಕೆ ಎದ್ದು ನಿಂತಿತ್ತು. ಥೇಟ್ ಬಾತುಕೋಳಿ ಬಾಲ. ಹೆಸರೂ ಅದೇ ಬಿತ್ತು. ಕೆಲಸ ಏನು ಅಂತೀರಾ? ಚಮಚದ ಬೆನ್ನಿನಲ್ಲಿ ನೀರು ಬಿಟ್ಟುಹೋಗುವ ಕಡೆ ಚಪಾತಿ ಹಿಟ್ಟಿನ ಸಣ್ಣದೊಂದು ಏಣು ಅಂಟಿಸಿ. ಧಾರೆ ಅಲ್ಲಿ ಎಡವಿ ಆಚೆಗೆ ಹಾರುತ್ತದೆ, ಎಳೆತ ನಿಲ್ಲುತ್ತದೆ. ಇವತ್ತಿಗೂ ಹಳೆಯ 911 ಮಾಡಿಫೈ ಮಾಡುವವರು ಈ ಬಾಲ ಹುಡುಕಿ ಹಾಕಿಸುತ್ತಾರೆ. ನನ್ನ ಓಟೂ ಅದಕ್ಕೇ.

ಬಾಲವೇ ಬೇಡ ಅಂದ ಕಾರೂ ಇತ್ತು. 1998ರಲ್ಲಿ ಬಂದ ಆಡಿ ಟಿಟಿ ಕವುಚಿಟ್ಟ ಬಟ್ಟಲಿನಷ್ಟು ನುಣುಪು. ಜರ್ಮನಿಯ ಹೆದ್ದಾರಿಗಳಲ್ಲಿ ಜೋರಾಗಿ ಹೋಗುತ್ತಾ ಥಟ್ಟನೆ ಲೇನ್ ಬದಲಿಸಿದಾಗ ಹಿಂಭಾಗ ಜಾರಿ ಅಪಘಾತಗಳಾದವು, ಜೀವಗಳೂ ಹೋದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿತು. ಸಸ್ಪೆನ್ಶನ್ ತಿದ್ದಿತು, ಡಿಕ್ಕಿಗೆ ಪುಟ್ಟ ಸ್ಪಾಯ್ಲರ್, ಅಂದರೆ ಗಾಳಿಯನ್ನು ಎಡವಿಸುವ ಅಂಥದೇ ಒಂದು ಏಣು, ಕೂರಿಸಿತು. ರೂಪ ಕೆಟ್ಟಿತು ಅಂತ ನನಗೂ ಅನ್ನಿಸುತ್ತದೆ. ಆದರೆ 200ರ ವೇಗದಲ್ಲಿ ಅದರೊಳಗೆ ಕೂತಿರುವವನು ನಾನಲ್ಲವಲ್ಲ.

ಇನ್ನು ಎತ್ತರದ ರೆಕ್ಕೆ. ಅದು ತಲೆಕೆಳಗು ಮಾಡಿದ ವಿಮಾನದ ರೆಕ್ಕೆ. ಕಾರನ್ನು ಕೆಳಕ್ಕೆ ಒತ್ತಲು ಅದಕ್ಕೆ ಮೇಲೂ ಕೆಳಗೂ ತಡೆಯಿಲ್ಲದ ಗಾಳಿ ಬೇಕು. ಅದರಲ್ಲೂ ತಳಭಾಗದ ಗಾಳಿ ಮುಖ್ಯ. ಅದಕ್ಕೇ ಎಷ್ಟೋ ರೇಸ್ ಕಾರುಗಳಲ್ಲಿ ರೆಕ್ಕೆಯನ್ನು ಕೆಳಗಿನಿಂದ ಎತ್ತಿ ಹಿಡಿಯದೆ, ಹಂಸದ ಕತ್ತಿನಂತೆ ಬಾಗಿದ ಕಂಬಗಳಿಂದ ಮೇಲಿನಿಂದ ನೇತುಹಾಕುತ್ತಾರೆ. ಅಂಗಡಿಯಿಂದ ತಂದು ಡಿಕ್ಕಿಯ ತೆಳು ತಗಡಿಗೆ ನಾಲ್ಕು ಸ್ಕ್ರೂ ಹೊಡೆದ ರೆಕ್ಕೆಯೂ ಚೆನ್ನಾಗೇ ಕಾಣಬಹುದು. ಅದೇನಾದರೂ ನಿಜಕ್ಕೂ ಕೆಲಸ ಶುರು ಮಾಡಿದರೆ ಮೊದಲು ಬಾಗುವುದು ಆ ತಗಡೇ.